ಕೊನೆಯ ರಾಕರಿನ ಎಣ್ಣೆ

ಹಿಂದುರಾವ್ ಚೌಗುಲೆಗೆ ಯಾರನ್ನಾದರೂ ಕಂಡರೆ ಆಗುವುದಿಲ್ಲ ಎಂಬುದು ಅವನ ಮಾತಿನಿಂದ ತಿಳಿಯುತ್ತಿರಲಿಲ್ಲ, ಕೈಯಿಂದ ತಿಳಿಯುತ್ತಿತ್ತು. ಆಗದವರು ಎದುರಿಗೆ ಬಂದರೆ ಜೇಬಿನಿಂದ ಅರಿವೆಚೂರು ತೆಗೆದು, ಆಗಲೇ ಒರೆಸಿಟ್ಟ ತನ್ನ ಹ್ಯಾಂಡಲನ್ನು ಮತ್ತೊಮ್ಮೆ ಒರೆಸಲು ಶುರುಮಾಡುತ್ತಿದ್ದ. ಕೊಲ್ಹಾಪುರದ ಉದ್ಯಮನಗರದಲ್ಲಿ ಮಿಠಾರಿಯವರ ಗ್ಯಾರೇಜಿಗೆ ದಸ್ತಗೀರ್ ಪೆಂಢಾರಿ ಕೆಲಸಕ್ಕೆ ಸೇರಿದ ವರ್ಷ ಆ ಹ್ಯಾಂಡಲ್ ಹೊಳೆದಷ್ಟು ಹಿಂದೆಂದೂ ಹೊಳೆದಿರಲಿಲ್ಲ.

ಹಳೆಯ ಕಾರುಗಳ ಮೂತಿಯಲ್ಲಿ ತೂರಿಸಿ ಕೈಯಿಂದ ಇಂಜಿನ್ ತಿರುಗಿಸುತ್ತಿದ್ದರಲ್ಲ, ಅಂಥ ಹ್ಯಾಂಡಲ್ ಅದು. ಹಿಡಿಕೆಗೆ ಹಿತ್ತಾಳೆಯ ಕೊಳವೆ. ಮೂವತ್ತೆರಡು ವರ್ಷ ಒಬ್ಬನೇ ಹಿಡಿದು ಆ ಹಿತ್ತಾಳೆ ಅವನ ಅಂಗೈಯ ಆಕಾರಕ್ಕೇ ಸವೆದಿತ್ತು. ಬೇರೆಯವರು ಹಿಡಿದರೆ ಎಲ್ಲೋ ಚುಚ್ಚುತ್ತಿತ್ತು. ಅದು ಅವನಿಗೆ ದೊಡ್ಡ ಸಮಾಧಾನ.

ಮಿಠಾರಿ ಗ್ಯಾರೇಜಿನಲ್ಲಿ ಇಂಜಿನ್ ಕಟ್ಟುವವರು ಬೇರೆ ಬೇರೆ ಇದ್ದರು. ಕಟ್ಟಿದ ಇಂಜಿನ್ನಿಗೆ ಎಣ್ಣೆ ಕುಡಿಸುವವನು ಮಾತ್ರ ಹಿಂದುರಾವ್ ಒಬ್ಬನೇ. ಬಿಚ್ಚಿ, ತೊಳೆದು, ಹೊಸ ಬೇರಿಂಗ್ ಕೂರಿಸಿ ಕಟ್ಟಿದ ಇಂಜಿನ್ನಿನ ಒಳದಾರಿಗಳೆಲ್ಲ ಒಣಗಿರುತ್ತವೆ. ತಳದಲ್ಲಿ ನಾಲ್ಕು ಲೀಟರ್ ಎಣ್ಣೆ ಸುರಿದಿದ್ದರೂ ಅದು ತಾನಾಗಿ ಮೇಲೆ ಹತ್ತಿ ಬರುವುದಿಲ್ಲ. ಹಾಗೆಯೇ ಕೀಲಿ ತಿರುವಿದರೆ ಲೋಹಕ್ಕೆ ಲೋಹ ತಿಕ್ಕಿ ತಿಂಗಳ ಕೆಲಸ ಅರ್ಧ ನಿಮಿಷದಲ್ಲಿ ಮಣ್ಣುಪಾಲು. ಹಿಂದುರಾವ್ ಎಣ್ಣೆಯ ಪಂಪಿನ ಹಲ್ಲುಗಳ ನಡುವೆ ವ್ಯಾಸಲೀನ್ ತುಂಬುತ್ತಿದ್ದ. ಪಂಪು ಗಾಳಿ ಹೀರದೆ ಎಣ್ಣೆಯನ್ನೇ ಹೀರಲಿ ಅಂತ. ಗ್ರೀಸ್ ತುಂಬುವವರನ್ನು ಕಂಡರೆ ಬಯ್ಯುತ್ತಿದ್ದ, ಗ್ರೀಸ್ ಕರಗದೆ ದಾರಿ ಕಟ್ಟಿಬಿಡುತ್ತದೆ. ಆಮೇಲೆ ನಾಲ್ಕೂ ಪ್ಲಗ್ಗು ಬಿಚ್ಚಿಟ್ಟು ಹ್ಯಾಂಡಲ್ ತಿರುಗಿಸಲು ನಿಂತರೆ ಅರ್ಧ ತಾಸು, ಮುಕ್ಕಾಲು ತಾಸು. ಬೆವರು ಹುಬ್ಬಿನಿಂದ ಇಳಿಯುತ್ತಿದ್ದರೂ ಒಂದೇ ಲಯ. ಕೊನೆಗೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮಿಸುಕಿ ಮೇಲೇಳುತ್ತಿತ್ತು. ಇಂಜಿನ್ನಿನ ನೆತ್ತಿಯ ಮೇಲೆ ಸಾಲಾಗಿ ಕೂತು ವಾಲ್ವುಗಳನ್ನು ಒತ್ತುವ ಸಣ್ಣ ತೋಳುಗಳಾದ ರಾಕರುಗಳಿಂದ ಎಣ್ಣೆ ಒಂದೊಂದಾಗಿ ಜಿನುಗುತ್ತ ಬರುತ್ತಿತ್ತು.

ಎಲ್ಲಕ್ಕಿಂತ ದೂರದ, ಕೊನೆಯ ರಾಕರಿಗೆ ಎಣ್ಣೆ ಬಂತೆಂದರೆ ಗ್ಯಾರೇಜಿನಲ್ಲಿ ಕೆಲಸ ನಿಲ್ಲುತ್ತಿತ್ತು. ಎಣ್ಣೆ ಕುಡಿಸಿದವನು ಆ ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ ಇಂಜಿನ್ನಿನ ಎದೆಗೆ ಒಂದು ಬೊಟ್ಟು, ಗಾಡಿಯ ಧಣಿಯ ಹಣೆಗೆ ಒಂದು ಬೊಟ್ಟು ಇಡಬೇಕು. ಬೊಟ್ಟು ಬೀಳದೆ ಪ್ಲಗ್ಗು ಹಾಕುವಂತಿಲ್ಲ, ಕೀಲಿ ಮುಟ್ಟುವಂತಿಲ್ಲ. ಗ್ಯಾರೇಜು ಕಟ್ಟಿದ ದೊಡ್ಡ ಮಿಠಾರಿಯವರ ಕಾಲದಿಂದ ನಡೆದುಬಂದ ಪದ್ಧತಿ. ಶಾಸಕರ ಹಣೆಗೂ, ಸಕ್ಕರೆ ಕಾರ್ಖಾನೆಯ ಅಧ್ಯಕ್ಷರ ಹಣೆಗೂ ಹಿಂದುರಾವ್‌ನ ಕರಿ ಹೆಬ್ಬೆರಳು ತಾಗಿದೆ. ಆ ಹೊತ್ತಿಗೆ ಅವರೆಲ್ಲ ತಲೆ ಬಗ್ಗಿಸಲೇಬೇಕಿತ್ತು. ಹತ್ತನೇ ಇಯತ್ತೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಇದಕ್ಕಿಂತ ದೊಡ್ಡ ಪದವಿ ಯಾವುದು?

ಅಂಥ ಪದವಿಗೆ ದಸ್ತಗೀರ್ ಬೆನ್ನ ಮೇಲೆ ಒಂದು ತಗಡಿನ ಡಬ್ಬಿ ಹೊತ್ತುಕೊಂಡು ಬಂದ.

ಅವನೂ ಹಿಂದುರಾವ್‌ನ ಓರಗೆಯವನೇ, ಮಿರಜದವನು. ಪುಣೆಯ ಯಾವುದೋ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು, ಅದು ಬಾಗಿಲು ಹಾಕಿದ ಮೇಲೆ ಊರ ಕಡೆ ಬಂದಿದ್ದ. ಆ ಡಬ್ಬಿ ರೈತರು ಬೆಳೆಗೆ ಔಷಧ ಹೊಡೆಯುವ ಪಂಪು. ಅದರೊಳಗೆ ಇಂಜಿನ್ ಎಣ್ಣೆ ತುಂಬಿ, ಕೊಳವೆಯ ತುದಿಯನ್ನು ಒತ್ತಡದ ಮುಳ್ಳು ಕೂರುವ ತೂತಿಗೆ ತಿರುಪಿ, ಪಕ್ಕದ ಕವಲಿಗೆ ಮುಳ್ಳನ್ನು ಜೋಡಿಸಿ, ಡಬ್ಬಿಯ ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿದ. ಹಿಂದುರಾವ್‌ಗೆ ಮುಕ್ಕಾಲು ತಾಸು ಹಿಡಿಯುತ್ತಿದ್ದ ಕೆಲಸ ಮೂರು ನಿಮಿಷದಲ್ಲಿ ಮುಗಿಯಿತು. ಗ್ಯಾರೇಜಿನ ಧಣಿ ವಸಂತ ಮಿಠಾರಿ, ಎಲ್ಲರೂ ಅಣ್ಣಾ ಅನ್ನುವವರು, ಬಾಯಿ ತೆರೆದು ನೋಡಿದರು.

"ಹಿಂದುರಾವ್, ಇನ್ನ ನಿನ್ನ ರಟ್ಟಿಗೆ ಸುಖ ನೋಡಪಾ," ಅಂದರು.

ಸುಖ ಅನ್ನುವುದು ಹೀಗೂ ಹೊಟ್ಟೆಗೆ ಕೊಳ್ಳಿ ಇಡುತ್ತದೆ ಎಂದು ಹಿಂದುರಾವ್‌ಗೆ ಅವತ್ತೇ ಗೊತ್ತಾದದ್ದು. ಅಂದಿನಿಂದ ಹೊಸ ಬಗೆಯ ಇಂಜಿನ್ನುಗಳೆಲ್ಲ ದಸ್ತಗೀರನ ಪಾಲಾದವು, ಬೊಟ್ಟೂ ಅವನದೇ ಆಯಿತು. ಹಿಂದುರಾವ್‌ಗೆ ಉಳಿದದ್ದು ಹ್ಯಾಂಡಲ್ ತೂರುವ ಹಳೆಯ ಗಾಡಿಗಳು, ಅಂದರೆ ತಿಂಗಳಿಗೊಂದು.

ಹೊಟ್ಟೆಕಿಚ್ಚು ಪಡಲು ದೊಡ್ಡ ಕಾರಣ ಸಿಕ್ಕವನಿಗೆ ಸಣ್ಣ ಕಾರಣಗಳು ತಾವಾಗಿ ಹುಡುಕಿಕೊಂಡು ಬರುತ್ತವೆ. ದಸ್ತಗೀರನ ಉಗುರು ಯಾವಾಗಲೂ ಸ್ವಚ್ಛ. ಅವನ ಅರಿವೆಚೂರು ಮಡಚಿದ ಗೆರೆ ಮುರಿಯುವುದಿಲ್ಲ. ಗ್ಯಾರೇಜಿನ ಎದುರಿಗೇ ಚಹಾ, ಖಾರದ ಚುರುಮುರಿ ಭಡಂಗಿನ ಗಾಡಿ ಇಟ್ಟುಕೊಂಡಿದ್ದ ಹಿಂದುರಾವ್‌ನ ಹೆಂಡತಿ ಅಕ್ಕಾತಾಯಿಯನ್ನು ಅವನು "ವಹಿನಿ", ಅಂದರೆ ಅತ್ತಿಗೆ, ಅಂತ ಕರೆದು, ಕುಡಿದ ಲೋಟವನ್ನು ತಾನೇ ಒಯ್ದು ಕೊಡುತ್ತಿದ್ದ.

"ಮೂವತ್ತು ವರ್ಸದಾಗ ಒಂದು ಲೋಟ ಎತ್ತಿ ಕೊಟ್ಟೀರೇನ್ರಿ ನೀವು?" ಎಂದು ಅಕ್ಕಾತಾಯಿ ಗಂಡನನ್ನು ಕೇಳಿದಳು.

"ನಾ ಏನ್ ಲೋಟ ತೊಳಿಯಾಕ ಹುಟ್ಟೀನೇನು?"

"ಅಂವಾ ಹುಟ್ಟ್ಯಾನೇನು ಮತ್ತ? ಸಂಭಾವಿತ ಮನಶ್ಯಾ, ಅದಕ್ಕ ಕೊಡ್ತಾನ."

ಅವತ್ತಿನಿಂದ ಹಿಂದುರಾವ್ ದಸ್ತಗೀರನ ಚಹಾದಲ್ಲಿ ಹಾಲೆಷ್ಟು, ತನ್ನ ಚಹಾದಲ್ಲಿ ಎಷ್ಟು ಅಂತ ಕದ್ದು ನೋಡತೊಡಗಿದ. ಹೋಲಿಸಿದರೆ ಅವನದೇ ಹೆಚ್ಚು ಬಿಳಿ ಅನ್ನಿಸುತ್ತಿತ್ತು. ಒಂದು ದಿನ ಯಾರಿಗೂ ಹೇಳದೆ ಶಾಹುಪುರಿಯ ಕೃಷಿ ಸಾಮಾನಿನ ಅಂಗಡಿಗೆ ಹೋಗಿ, ಅಂಥದೇ ಪಂಪು ಇಳಿಸಲು ಹೇಳಿ, ಅದರ ಹಿಡಿಕೆ ಆಡಿಸಿ ನೋಡಿದ.

"ಕಬ್ಬಿಗೇನ್ರಿ?" ಎಂದು ಅಂಗಡಿಯವನು ಕೇಳಿದ.

"ಹೂಂ, ಕಬ್ಬಿಗೆ."

"ಎಷ್ಟು ಎಕರೆ ಐತ್ರಿ?"

ಮಂಚ ಹಾಕುವಷ್ಟೂ ಹೊಲವಿಲ್ಲದ ಹಿಂದುರಾವ್ "ನಾಲ್ಕು" ಅಂದ. ಯಾವ ತಳಿ ಎಂಬ ಪ್ರಶ್ನೆ ಬಂದದ್ದೇ ಪಂಪು ಅಲ್ಲೇ ಬಿಟ್ಟು ಹೊರಗೆ ಬಂದ. ನಾಚಿಕೆ ಆಯಿತು. ನಾಚಿಕೆಗೂ ಕಾರಣ ದಸ್ತಗೀರನೇ ಎಂದು ಇನ್ನಷ್ಟು ಉರಿಯಿತು.

ಇಷ್ಟಾದರೂ ಹಿಂದುರಾವ್ ಒಂದರ ಮೇಲೆ ಭರವಸೆ ಇಟ್ಟಿದ್ದ. ಗಾರಗೋಟಿಯ ದೇಸಾಯರ ಮನೆಯಲ್ಲಿ ಒಂದು ಹಳೆಯ ಕಪ್ಪು ಕಾರಿತ್ತು. ಆ ಮನೆಯ ಹೆಣ್ಣುಮಕ್ಕಳು ಮೂರು ತಲೆಮಾರು ಅದರಲ್ಲೇ ಕೂತು ಗಂಡನ ಮನೆಗೆ ಹೋಗಿದ್ದರು. ಅದರ ಇಂಜಿನ್ ಹಿಂದೆ ಎರಡು ಸಲ ಬಿಚ್ಚಿ ಕಟ್ಟಿದಾಗಲೂ ಎಣ್ಣೆ ಕುಡಿಸಿದ್ದು, ದೇಸಾಯರ ಹಣೆಗೆ ಬೊಟ್ಟಿಟ್ಟಿದ್ದು ಹಿಂದುರಾವ್‌ನೇ. ಈಗ ಮೊಮ್ಮಗಳ ಮದುವೆಗೆಂದು ಕಾರು ಮೂರನೆಯ ಸಲ ಗ್ಯಾರೇಜಿಗೆ ಬಂದಿತ್ತು. ಮದುವೆಗೆ ಒಂದೇ ದಿನ ಉಳಿದಿದೆ ಅನ್ನುವಾಗ ಇಂಜಿನ್ ಕಟ್ಟಿ ಮುಗಿಯಿತು.

ಹಿಂದುರಾವ್ ಅವತ್ತು ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅಣ್ಣಾ ಅವನ ಮುಖ ನೋಡದೆ ಹೇಳಿದರು: "ದೇಸಾಯರು ಮಧ್ಯಾಹ್ನ ಊಟದ ಹೊತ್ತಿಗೆ ಗಾಡಿ ಒಯ್ಯಬೇಕಂತಾರ. ಲಗೂ ಆಗ್ಲಿ ಅಂತ ದಸ್ತಗೀರಗ ಹೇಳೀನಿ. ನೀ ಬ್ಯಾಸರ ಮಾಡ್ಕೋಬ್ಯಾಡ."

"ಬ್ಯಾಸರ ಏನ್ರಿ ಅಣ್ಣಾ. ಗಾಡಿ ದೇಸಾಯರದು, ಗ್ಯಾರೇಜ್ ನಿಮ್ದು," ಎಂದ ಹಿಂದುರಾವ್. ಗೋಡೆಯ ಬದಿಯ ಬಾಕಿನ ಮೇಲೆ ಹ್ಯಾಂಡಲ್ ಇಟ್ಟು ಅದರ ಮೇಲೇ ಕೂತ.

ದಸ್ತಗೀರ್ ಡಬ್ಬಿಯ ಹಿಡಿಕೆ ಆಡಿಸಿದ. ಮುಳ್ಳು ನಿಧಾನಕ್ಕೆ ಎದ್ದು ಎರಡರ ಹತ್ತಿರ ನಿಂತಿತು. ಅಣ್ಣಾ ಕೈ ತಟ್ಟಿದರು. ದೇಸಾಯರು ಬೊಟ್ಟಿಗೆಂದು ಟೋಪಿ ತೆಗೆದು ಹಣೆ ಒರೆಸಿಕೊಂಡರು. ದಸ್ತಗೀರ್ ಮಾತ್ರ ಬಗ್ಗಿ ರಾಕರುಗಳನ್ನೇ ನೋಡುತ್ತಿದ್ದ. ಅಲ್ಲಿ ಒಂದು ಹನಿಯೂ ಇರಲಿಲ್ಲ. ಕೊನೆಯದು ಹಾಗಿರಲಿ, ಮೊದಲನೆಯದೂ ಒಣಗಿತ್ತು.

ಆಗ ಹತ್ತು ಗಂಟೆ. ಬಾಕಿನ ಮೇಲೆ ಕೂತಿದ್ದ ಹಿಂದುರಾವ್‌ಗೆ ಕಾರಣ ತಟ್ಟನೆ ಹೊಳೆಯಿತು. ಆ ಕಾಲದ ಇಂಜಿನ್ನಿನಲ್ಲಿ ರಾಕರುಗಳಿರುವ ತಲೆಯ ಕಡೆಗೆ ಎಣ್ಣೆ ಹೋಗುವ ದಾರಿ ಸದಾ ತೆರೆದಿರುವುದಿಲ್ಲ. ಇಂಜಿನ್ ಜೊತೆಗೇ ತಿರುಗುವ ಒಳಗಿನ ಕ್ಯಾಮಿನ ದಂಡದಲ್ಲಿ ಒಂದು ತೂತಿದೆ. ದಂಡ ತಿರುಗುತ್ತ ಆ ತೂತು ಗೋಡೆಯ ತೂತಿಗೆ ಎದುರಾದಾಗ ಮಾತ್ರ ಎಣ್ಣೆ ಮೇಲೆ ಚಿಮ್ಮುತ್ತದೆ. ಮೊದಲ ಸಲ ಕಟ್ಟುವಾಗ ಆ ತೂತಿಗೆ ತಂತಿ ಹಾಕಿ ಸ್ವಚ್ಛ ಮಾಡಿದ್ದೇ ಅವನು. ಹ್ಯಾಂಡಲ್ ತಿರುಗಿಸುವವನಿಗೆ ಇದು ತೊಡಕೇ ಅಲ್ಲ, ಇಂಜಿನ್ ತಿರುಗುತ್ತಲೇ ಇರುತ್ತದೆ. ನಿಂತ ಇಂಜಿನ್ನಿಗೆ ಪಂಪು ಹೊಡೆದರೆ ಸಂಜೆಯವರೆಗೂ ಒಂದು ಹನಿ ಮೇಲೆ ಬಾರದು. ಪಂಪು ಹೊಡೆಯುತ್ತಿರುವಾಗಲೇ ಯಾರಾದರೂ ಹ್ಯಾಂಡಲ್ ಎರಡು ಸುತ್ತು ಹಾಕಿದರೆ ಸಾಕು.

ಎದ್ದು ಹೇಳಿದರೆ ಒಂದು ನಿಮಿಷದ ಕೆಲಸ. ಹಿಂದುರಾವ್ ಏಳಲಿಲ್ಲ. ಎದೆಯೊಳಗೆ ಎಂಥದೋ ತಂಪು ಹರಡಿತು. ಎಷ್ಟೋ ತಿಂಗಳ ಮೇಲೆ ಅವನಿಗೆ ಬೆನ್ನು ಗೋಡೆಗೆ ಆನಿಸಿ ಕೂರಬೇಕು ಅನ್ನಿಸಿತು.

ದಸ್ತಗೀರ್ ರಾಕರುಗಳ ಸರಳು ಬಿಚ್ಚಿದ. ಸರಳನ್ನು ಹೊತ್ತ ಕಂಬಗಳ ತೂತುಗಳಲ್ಲಿ ಗಾಳಿ ಊದಿ ನೋಡಿದ. ದಾರಿ ಸರಿಯಾಗಿತ್ತು. ಮತ್ತೆ ಕೂರಿಸಿ, ಅಳತೆಗೆ ಬಿಗಿದು, ಮತ್ತೆ ಪಂಪು ಹೊಡೆದ. ಮುಳ್ಳು ಎದ್ದಿತು, ರಾಕರು ಒಣಗಿಯೇ ಇತ್ತು. ಹನ್ನೊಂದರ ಸುಮಾರಿಗೆ ಬಾಕಿನ ಹತ್ತಿರ ಬಂದ.

"ಮಿಸ್ತ್ರಿ, ನಿಮಗೇನರ ಹೊಳೀತೈತೇನ್ರಿ?"

ಹಿಂದುರಾವ್ ಅರಿವೆಚೂರು ತೆಗೆದ. ಒರೆಸಲು ಹ್ಯಾಂಡಲ್ ಕೈಯಲ್ಲಿರಲಿಲ್ಲ, ಅದರ ಮೇಲೆ ತಾನೇ ಕೂತಿದ್ದ. ಕೈಯನ್ನೇ ಒರೆಸಿಕೊಂಡ. "ನಿನ್ನ ಪಂಪು, ನಿನ್ನ ಇದ್ಯಾ. ನನಗೇನ್ ತಿಳೀತೈತಿ ಅದರಾಗಿಂದು?" ಅಂದ.

"ಹಂಗಲ್ರಿ, ಈ ಗಾಡಿ ನಿಮ್ಮ ಕೈಯಾಗಿಂದು ಅಂತ ಕೇಳ್ದೆ."

"ಆಗ ಇತ್ತು."

ದಸ್ತಗೀರ್ ತಲೆಯಾಡಿಸಿ ವಾಪಸು ಹೋದ. ಮೂರನೆಯ ಸಲ ಬಿಚ್ಚುವಾಗ ಬೋಲ್ಟಿನಿಂದ ಪಾನಾ ಜಾರಿ ಬೆರಳ ಗೆಣ್ಣು ಸಿಪ್ಪೆ ಎದ್ದಿತು. ಆ ಸ್ವಚ್ಛ ಉಗುರುಗಳ ಸುತ್ತ ಎಣ್ಣೆ, ರಕ್ತ ಎರಡೂ ಮೆತ್ತಿದ್ದವು. ಮಡಚಿದ ಅರಿವೆಚೂರು ಯಾವಾಗಲೋ ನೆಲಕ್ಕೆ ಬಿದ್ದಿತ್ತು. ಹಿಂದುರಾವ್ ಇದನ್ನೆಲ್ಲ ಒಂದೂ ಬಿಡದಂತೆ ನೋಡಿದ. ದೇಸಾಯರು ಟೋಪಿ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. ಅವರ ಮೊಮ್ಮಗಳ ನೆನಪು ಬಂದಾಗ ಮಾತ್ರ ಹಿಂದುರಾವ್ ಬೇರೆ ಕಡೆ ಕಣ್ಣು ಹೊರಳಿಸುತ್ತಿದ್ದ.

ಒಂದು ಗಂಟೆಗೆ ಅಕ್ಕಾತಾಯಿ ಗಂಡನಿಗೆ ಭಾಕರಿ, ಝುಣಕ ತಂದಳು.

"ಎಲ್ಲಾರೂ ನಿಂತಾರ, ನೀವೊಬ್ರ ಕುಂತೀರಲ್ಲ. ಏನದು ಕೆಳಗ?"

"ಹ್ಯಾಂಡಲ್."

"ಬೆಳಿಗ್ಗಿಂದ ಅದರ ಮ್ಯಾಲ ಕುಂತೀರೇನು? ತತ್ತಿ ಇಟ್ಟೀರೇನ್ರಿ, ಮರಿ ಆಗ್ಲಿ ಅಂತ?"

ಹಿಂದುರಾವ್ ನಗಲಿಲ್ಲ. ಅಕ್ಕಾತಾಯಿ ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ, ಬುತ್ತಿ ಇಟ್ಟು ಹೋದಳು. ಭಾಕರಿ ರುಚಿಸಲಿಲ್ಲ. ಆದರೂ ಪೂರ್ತಿ ತಿಂದ. ತಿನ್ನದಿದ್ದರೆ ಸೋತಂತೆ ಅನ್ನಿಸಿತು.

ಮೂರು ಗಂಟೆಗೆ ದಸ್ತಗೀರ್ ಅಣ್ಣಾನ ಮುಂದೆ ನಿಂತು, "ಇಂಜಿನ್ ತಲಿ ಎತ್ತಿ ನೋಡಬೇಕಾಗ್ತೈತ್ರಿ," ಅಂದ. ತಲೆ ಎತ್ತಿದರೆ ಅದರಡಿಯ ಗ್ಯಾಸ್ಕೆಟ್ ಹಾಳೆ ಹರಿಯುತ್ತದೆ, ಆ ಗಾಡಿಯ ಗ್ಯಾಸ್ಕೆಟ್ ಮುಂಬಯಿಯಿಂದಲೇ ಬರಬೇಕು. ಮದುಮಗಳು ಬಾಡಿಗೆ ಕಾರಿನಲ್ಲಿ ಹೋಗಬೇಕಾಗುತ್ತದೆ ಎಂಬುದು ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ದೇಸಾಯರು ಒಂದು ಟಯರಿನ ಮೇಲೆ ಕುಕ್ಕರಿಸಿದರು. ಆಗ ದಸ್ತಗೀರ್ ನೆಟ್ಟಗೆ ಬಾಕಿನ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದ.

"ನನ್ನ ಕೈಯಾಗ ಆಗವಲ್ದ್ರಿ ಮಿಸ್ತ್ರಿ. ನನ್ನ ಬುದ್ಧಿ ಇಲ್ಲಿಗೆ ನಿಂತೈತಿ. ತಲಿ ಎತ್ತೂದ್ಕಿಂತ ಮೊದಲ ಒಂದ್ಸಲ ನೀವು ಬಂದು ನೋಡ್ರಿ. ನೀವು ಎತ್ತು ಅಂದ್ರ ಎತ್ತತೀನಿ."

ಹಿಂದುರಾವ್ ಎಷ್ಟೋ ದಿನ ಕನಸು ಕಂಡದ್ದು ಇದನ್ನೇ. ಅದೂ ಹೀಗೆ, ಅಣ್ಣಾನ ಎದುರಿಗೆ, ದೇಸಾಯರ ಎದುರಿಗೆ. ಎದ್ದ. ಕಾರಿನ ಸುತ್ತ ಒಂದು ಸುತ್ತು ಬಂದು, ರಾಕರುಗಳ ಕಡೆ ಬಗ್ಗಿ, ಗಲ್ಲ ಕೆರೆದುಕೊಂಡ. ಈಗಷ್ಟೇ ಯೋಚಿಸುತ್ತಿರುವವನ ನಾಟಕ ಅದು, ಚೆನ್ನಾಗಿಯೇ ಆಡಿದ. ಆಮೇಲೆ ಹ್ಯಾಂಡಲ್ ತೂರಿಸಿ, "ನೀ ಪಂಪು ಹೊಡಿ. ಬಿಡಬ್ಯಾಡ," ಎಂದ.

ಒಂದು ಸುತ್ತು. ಇನ್ನರ್ಧ ಸುತ್ತು. ಕೈಗೆ ಏನೂ ತಿಳಿಯಲಿಲ್ಲ, ಆದರೆ ಮೊದಲ ರಾಕರಿನ ಬುಡದಲ್ಲಿ ಬಂಗಾರದ ಬಣ್ಣದ ಒಂದು ಗುಳ್ಳೆ ಎದ್ದಿತು. ಹಿಂದುರಾವ್ ಕೈಯನ್ನು ಅಲ್ಲೇ ನಿಲ್ಲಿಸಿದ. ಎರಡನೆಯದು, ಮೂರನೆಯದು, ಸಾಲಾಗಿ ಬಂದು ಕೊನೆಯ ರಾಕರು ಒದ್ದೆಯಾಯಿತು. ದೇಸಾಯರು ಟೋಪಿ ಮತ್ತೆ ತೆಗೆದರು. ಹಿಂದುರಾವ್ ಹೆಬ್ಬೆರಳು ಅದ್ದಿ ಬೊಟ್ಟಿಟ್ಟ. ಪ್ಲಗ್ಗು ಹಾಕಿ ಕೀಲಿ ತಿರುವಿದರೆ ಇಂಜಿನ್ ಕೆಮ್ಮದೆ ಎದ್ದಿತು. ಅಣ್ಣಾ ಅವನ ಬೆನ್ನು ತಟ್ಟಿದರು, ಯಾರೋ ಪೇಢೆ ತಂದರು. ಹಿಂದುರಾವ್ ಆ ದಿನ ಗೆದ್ದ.

ಗೆದ್ದದ್ದು ಒಂದೇ ದಿನ. ಮಾರನೆಯ ದಿನದಿಂದ ದಸ್ತಗೀರ್ ಅದನ್ನೇ ಕಥೆ ಮಾಡಿ ಹೇಳತೊಡಗಿದ. ಬಂದವರಿಗೆಲ್ಲ ಹೇಳಿದ. ಬಿಡಿಭಾಗದ ಅಂಗಡಿಯವರಿಗೆ, ಲೇಥಿನವರಿಗೆ, ಅಕ್ಕಾತಾಯಿಯ ಗಾಡಿಯ ಮುಂದೆ ಚಹಾ ಕುಡಿಯುವ ಗುರುತಿಲ್ಲದವರಿಗೂ ಹೇಳಿದ. "ಐದು ತಾಸು ನಾ ಬಡಿದಾಡೀನ್ರಿ. ಮಿಸ್ತ್ರಿ ಬಂದ್ರು, ಒಂದು ಸುತ್ತು ನೋಡಿದ್ರು, ಒಂದು ನಿಮಿಷದಾಗ ಹಿಡದ್ರು. ಪುಣೇದಾಗ ಇಪ್ಪತ್ತು ವರ್ಸ ಇದ್ದೆ, ಇಂಥಾ ತಲಿ ನೋಡಿಲ್ರಿ." ಹೇಳುವಾಗ ಅವನ ಕಣ್ಣು ನಿಜವಾಗಿ ಅರಳುತ್ತಿತ್ತು. ಅದೇ ಹಿಂದುರಾವ್‌ಗೆ ಸಹಿಸಲಾಗದ್ದು. ಅಣಕವಾಗಿದ್ದರೆ ಜಗಳ ಆಡಬಹುದಿತ್ತು. ತನ್ನನ್ನು ಇಷ್ಟು ಹೊಗಳಬಲ್ಲ ಮನಸ್ಸೂ ಆ ಮನುಷ್ಯನ ಬಳಿಯೇ ಇದೆಯಲ್ಲ, ತನ್ನ ಬಳಿ ಇಲ್ಲವಲ್ಲ ಎಂದು ಈಗ ಅದರ ಮೇಲೂ ಹೊಟ್ಟೆಕಿಚ್ಚು.

ಖಂಡೇನವಮಿ ಬಂತು. ಗ್ಯಾರೇಜು ತೊಳೆದು, ಪಾನಾ, ಸುತ್ತಿಗೆಗಳನ್ನೆಲ್ಲ ಸಾಲಾಗಿ ಇಟ್ಟು ಪೂಜೆ. ನಡುವೆ ಹಿಂದುರಾವ್‌ನ ಹ್ಯಾಂಡಲನ್ನು ಇಟ್ಟು ಝೆಂಡು ಹೂವಿನ ಮಾಲೆ ಹಾಕಿದವನು ದಸ್ತಗೀರ್. ತನ್ನ ಪಂಪನ್ನು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಇಟ್ಟಿದ್ದ. ಆರತಿಯಾಗಿ ಎಲ್ಲರೂ ಮನೆಗೆ ಹೊರಟರು. ಹೊಸ ಲಾರಿ ಮಾಲೀಕನೊಬ್ಬ ಪ್ರಸಾದ ತಿನ್ನುತ್ತ ನಿಂತಿದ್ದ. ದಸ್ತಗೀರ್ ಅವನಿಗೂ ಶುರುಮಾಡಿದ. "ಐದು ತಾಸು ನಾ ಬಡಿದಾಡೀನ್ರಿ..." ಲಾರಿಯವನು ಪೂರ್ತಿ ಕೇಳಿ, ಹಿಂದುರಾವ್‌ಗೆ ಕೈ ಮುಗಿದು ಹೋದ. ಉಳಿದವರು ಇಬ್ಬರೇ.

"ದಸ್ತಗೀರ, ಇನ್ನ ಅದನ್ನ ಹೇಳಬ್ಯಾಡ," ಎಂದ ಹಿಂದುರಾವ್.

"ಯಾಕ್ರಿ?"

"ನನಗ ಹತ್ತು ಗಂಟೆಗೇ ತಿಳಿದಿತ್ತು. ಹ್ಯಾಂಡಲ್ ಮ್ಯಾಲ ಕುಂತಿದ್ದೆ. ನಿನಗ ಆಗಬಾರದು ಅಂತ ಸುಮ್ಮನಿದ್ದೆ."

ದಸ್ತಗೀರ್ ತನ್ನ ಬೆರಳ ಗೆಣ್ಣು ನೋಡಿಕೊಂಡ. ಗಾಯ ಮಾಗಿ ಬಿಳಿ ಕಲೆ ಉಳಿದಿತ್ತು.

"ಅವತ್ತು ಘಡಿಘಡಿ ನಿಮ್ಮ ಕಡೆ ನೋಡಾಕತ್ತಿದ್ನಿ," ಅಂದ. "ಮಿಸ್ತ್ರಿ ಆರಾಮ ಕುಂತಾರ, ಅಂದ್ರ ಗಾಡಿಗೆ ಏನೂ ಆಗಿಲ್ಲ, ಆಗಿದ್ರ ಎದ್ದು ಬರತಿದ್ರು ಅಂತ. ಆ ಧೈರ್ಯದ ಮ್ಯಾಲ ಐದು ತಾಸು ತಗದ್ನಿ."

ದಸ್ತಗೀರ್ ಪೂಜೆಯ ತಟ್ಟೆ ಎತ್ತಿಟ್ಟು, ನೆಲಕ್ಕೆ ಬಿದ್ದ ಹೂವು ಆರಿಸಿ, "ಬರ್ತೀನ್ರಿ," ಎಂದು ಸೈಕಲ್ ಹತ್ತಿದ.

ಆಮೇಲೆ ಜಗಳ ಆಗಲಿಲ್ಲ, ದೂರೂ ಹೋಗಲಿಲ್ಲ. ಹಳೆಯ ಗಾಡಿ ಬಂದರೆ ದಸ್ತಗೀರ್ ಪಂಪು ಹಿಡಿಯುತ್ತಾನೆ, ಹಿಂದುರಾವ್ ಹ್ಯಾಂಡಲ್ ತಿರುಗಿಸುತ್ತಾನೆ, ಎಣ್ಣೆ ಐದು ನಿಮಿಷದಲ್ಲಿ ಮೇಲೆ ಬರುತ್ತದೆ. ಬೊಟ್ಟು ಇಡುವ ಹೊತ್ತಿಗೆ ದಸ್ತಗೀರ್ "ನೀವ ಇಡ್ರಿ ಮಿಸ್ತ್ರಿ," ಎಂದು ಹಿಂದೆ ಸರಿಯುತ್ತಾನೆ. ಅಕ್ಕಾತಾಯಿಗೆ ಲೋಟ ಒಯ್ದು ಕೊಡುವುದನ್ನೂ ಬಿಟ್ಟಿಲ್ಲ. ಕಥೆಯನ್ನು ಮಾತ್ರ ಅವನು ಮತ್ತೆ ಯಾರಿಗೂ ಹೇಳಲಿಲ್ಲ. ಹೊಸ ಗಿರಾಕಿ ಬಂದು ಹಿತ್ತಾಳೆಯ ಹಿಡಿಕೆ ನೋಡಿ "ಇದೇನ್ರಿ ಇದು?" ಎಂದು ಕೇಳಿದಾಗ ಹಿಂದುರಾವ್ ಹ್ಯಾಂಡಲ್ ಒರೆಸುವುದನ್ನು ನಿಲ್ಲಿಸಿ ಕಿವಿಗೊಡುತ್ತಾನೆ. ದಸ್ತಗೀರ್ ತಲೆಯೆತ್ತದೆ, "ಹ್ಯಾಂಡಲ್ರಿ," ಅನ್ನುತ್ತಾನೆ.